ಪ್ರೋಲೀನಿಗೆ ಸಂದ ಮನ್ನಣೆ

ಪಶ್ಚಿಮಘಟ್ಟದ ಕಾಡಂಚಿನಲ್ಲಿ ಬೆಳೆಯುವ ಕಾಸರಕದ ಬೀಜ ಕಡು ಕಹಿ, ಕಡು ವಿಷ. ಆ ವಿಷದ ಹೆಸರು ಸ್ಟ್ರಿಕ್ನೀನ್. ಮರ ತಾನಾಗಿ ತಯಾರಿಸಿಕೊಳ್ಳುವ ಈ ಅಣುವನ್ನು 1950ರ ದಶಕದ ಆರಂಭದಲ್ಲಿ ರಾಬರ್ಟ್ ವುಡ್‌ವರ್ಡ್ ತಂಡ ಪ್ರಯೋಗಾಲಯದಲ್ಲಿ ಮೊದಲ ಬಾರಿಗೆ ಕಟ್ಟಿತು. ಅದಕ್ಕೆ 29 ಹಂತಗಳು ಬೇಕಾದವು. ಆರಂಭದಲ್ಲಿ ಹಾಕಿದ ಸಾಮಗ್ರಿಯಲ್ಲಿ ಕೊನೆಗೆ ಸ್ಟ್ರಿಕ್ನೀನ್ ಆಗಿ ಕೈಸೇರಿದ್ದು ಶೇ. 0.0009 ಮಾತ್ರ. 2011ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಡೇವಿಡ್ ಮ್ಯಾಕ್‌ಮಿಲನ್ ತಂಡ ಅದೇ ಕೆಲಸವನ್ನು 12 ಹಂತಗಳಲ್ಲಿ, ಏಳು ಸಾವಿರ ಪಟ್ಟು ಹೆಚ್ಚು ದಕ್ಷವಾಗಿ ಮುಗಿಸಿತು. ಹತ್ತು ವರ್ಷಗಳ ಬಳಿಕ, ಈ ಸುಧಾರಣೆಯ ಹಿಂದಿದ್ದ ವಿಧಾನಕ್ಕಾಗಿ 2021ರ ರಸಾಯನ ವಿಜ್ಞಾನದ ನೊಬೆಲ್ ಅವರಿಗೂ ಜರ್ಮನಿಯ ಬೆಂಜಮಿನ್ ಲಿಸ್ಟ್ ಅವರಿಗೂ ಸಂದಿತು.

ರಾಸಾಯನಿಕ ಕಾರ್ಖಾನೆಯನ್ನು ಅದರಿಂದ ಹೊರಬರುವ ಸರಕಿನಿಂದಷ್ಟೇ ಅಳೆಯುವುದು ನಮಗೆ ರೂಢಿಯಾಗಿಬಿಟ್ಟಿದೆ. ರೋಜರ್ ಶೆಲ್ಡನ್ ಎಂಬ ರಸಾಯನ ವಿಜ್ಞಾನಿ 1992ರಲ್ಲಿ ಬೇರೆಯೇ ಲೆಕ್ಕ ಹಾಕಿದರು: ಒಂದು ಕಿಲೋ ಸರಕಿಗೆ ಎಷ್ಟು ಕಿಲೋ ತ್ಯಾಜ್ಯ? ಪೆಟ್ರೋಲ್ ಶುದ್ಧೀಕರಣದಲ್ಲಿ ಅದು ತೀರಾ ಕಡಿಮೆ. ಔಷಧ ತಯಾರಿಕೆಯಲ್ಲಿ 25ರಿಂದ 100 ಕಿಲೋ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಜೀವ ಉಳಿಸುವ ಉದ್ಯಮವೇ ಇಷ್ಟು ಕೊಳೆ ಹರಿಸುತ್ತದೆ ಎಂಬುದನ್ನು ಅರಗಿಸಿಕೊಳ್ಳುವುದು ಕಷ್ಟ. ಆ ಲೆಕ್ಕವನ್ನು ಇಳಿಸಬಲ್ಲ ಮುಖ್ಯ ಸಾಧನವೇ ಕ್ರಿಯಾವರ್ಧಕ. ತಾನು ಖರ್ಚಾಗದೆ ಅದು ರಾಸಾಯನಿಕ ಕ್ರಿಯೆಗೆ ಸುಲಭದ ದಾರಿ ತೆರೆಯುತ್ತದೆ.

ಔಷಧದ ಅಣುಗಳಲ್ಲಿ ಇನ್ನೊಂದು ತೊಡಕಿದೆ. ಎಡಗೈ, ಬಲಗೈಗಳಂತೆ ಎಷ್ಟೋ ಅಣುಗಳಿಗೆ ಎರಡು ರೂಪ. ಒಂದು ಇನ್ನೊಂದರ ಕನ್ನಡಿ ಬಿಂಬ. ಕಾರ್ವೋನ್ ಎಂಬ ಅಣುವಿನ ಒಂದು ರೂಪ ಪುದೀನದ ಘಮ ಕೊಟ್ಟರೆ ಇನ್ನೊಂದು ಸಬ್ಬಸಿಗೆ ಬೀಜದಲ್ಲಿದೆ. ಮೂಗಿಗೇ ಗೊತ್ತಾಗುವ ಈ ವ್ಯತ್ಯಾಸ ಔಷಧದಲ್ಲಿ ಇನ್ನೂ ಗಂಭೀರ. ಬೇಕಾದ ರೂಪವನ್ನಷ್ಟೇ ತಯಾರಿಸುವ ಲೋಹದ ಕ್ರಿಯಾವರ್ಧಕಗಳಿಗೆ 2001ರಲ್ಲೇ ನೊಬೆಲ್ ಬಂದಿತ್ತು. ಆದರೆ ಅಂಥ ಹಲವು ಲೋಹಗಳು ದುಬಾರಿ, ಕೆಲವು ವಿಷ. ಗಾಳಿ, ತೇವ ತಾಗಿದರೆ ಕೆಡುವವೂ ಇವೆ.

1990ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯಲ್ಲಿ ಕಾರ್ಲೋಸ್ ಬಾರ್ಬಾಸ್ ಜೊತೆ ಕೆಲಸ ಮಾಡುತ್ತಿದ್ದ ಲಿಸ್ಟ್, ಕಿಣ್ವಗಳ ಬಗ್ಗೆ ಯೋಚಿಸುತ್ತಿದ್ದರು. ಕಿಣ್ವವೆಂದರೆ ನೂರಾರು ಅಮೈನೊ ಆಮ್ಲಗಳ ಸರಪಣಿ. ಆದರೆ ನಿಜವಾದ ಕೆಲಸ ಮಾಡುವುದು ಅವುಗಳಲ್ಲಿ ಬೆರಳೆಣಿಕೆಯಷ್ಟು. ಹಾಗಿದ್ದರೆ ಇಡೀ ಸರಪಣಿ ಯಾಕೆ? ಒಂದೇ ಅಮೈನೊ ಆಮ್ಲ ಸಾಲದೇ? ಅವರು ಆರಿಸಿಕೊಂಡದ್ದು ಪ್ರೋಲೀನ್. ನಮ್ಮ ಚರ್ಮ, ಮೂಳೆಗಳ ಕೊಲಾಜನ್‌ನಲ್ಲಿ ಧಾರಾಳವಾಗಿರುವ, ಅಗ್ಗದ, ನಿರಪಾಯಕಾರಿ ವಸ್ತು. ಅಸಿಟೋನ್, ಒಂದು ಆಲ್ಡಿಹೈಡ್, ಜೊತೆಗೆ ಪ್ರೋಲೀನ್. ಸಾಮಾನ್ಯ ಉಷ್ಣತೆಯಲ್ಲೇ ಕ್ರಿಯೆ ನಡೆಯಿತು. ಪ್ರೋಲೀನಿನ ನೈಟ್ರೋಜನ್ ಅಸಿಟೋನನ್ನು ಹಿಡಿದು ಕ್ರಿಯೆಗೆ ಅಣಿಮಾಡುತ್ತದೆ. ಅದರ ಆಮ್ಲದ ತುದಿ ಆಲ್ಡಿಹೈಡನ್ನು ಒಂದು ನಿರ್ದಿಷ್ಟ ದಿಕ್ಕಿಗೆ ತಿರುಗಿಸಿ ನಿಲ್ಲಿಸುತ್ತದೆ. ಹಾಗಾಗಿ ಬರುವ ಅಣುಗಳಲ್ಲಿ ಒಂದೇ ರೂಪದ್ದು ಮೇಲುಗೈ. ಲಿಸ್ಟ್, ಬಾರ್ಬಾಸ್ ಮತ್ತು ಅದೇ ಸಂಸ್ಥೆಯ ರಿಚರ್ಡ್ ಲರ್ನರ್ ಇದನ್ನು 2000ದಲ್ಲಿ ಪ್ರಕಟಿಸಿದರು. ಅದೇ ವರ್ಷ, ಬರ್ಕ್ಲಿಯಲ್ಲಿದ್ದ ಮ್ಯಾಕ್‌ಮಿಲನ್ ತಾವೇ ವಿನ್ಯಾಸಗೊಳಿಸಿದ ಸಣ್ಣ ಸಾವಯವ ಅಣುವಿನಿಂದ ಬೇರೊಂದು ಕ್ರಿಯೆಯನ್ನು ಸಾಧಿಸಿ ತೋರಿಸಿದರು. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಸೋಜಿಗವೆಂದರೆ, ಪ್ರೋಲೀನಿನ ಈ ಗುಣ 1970ರ ದಶಕದಲ್ಲೇ ಕಂಡಿತ್ತು. ಎರಡು ಔಷಧ ಕಂಪನಿಗಳ ವಿಜ್ಞಾನಿಗಳು ಸ್ಟಿರಾಯ್ಡ್ ತಯಾರಿಕೆಗಾಗಿ ಅದನ್ನು ಬಳಸಿ ವರದಿಯನ್ನೂ ಮಾಡಿದ್ದರು. ಆದರೂ ಸುಮಾರು ಮೂರು ದಶಕ ಅದು ಒಂದು ಬಿಡಿ ಪ್ರಯೋಗವಾಗಿಯೇ ಉಳಿಯಿತು. ಬಿಡಿ ಸಂಗತಿಯ ಹಿಂದೆ ಒಂದು ಸಾಮಾನ್ಯ ತತ್ತ್ವವಿದೆ, ಅದನ್ನು ನೂರು ಕಡೆ ಬಳಸಬಹುದು ಎಂದು ತೋರಿಸಿದ್ದೇ ಲಿಸ್ಟ್ ಮತ್ತು ಮ್ಯಾಕ್‌ಮಿಲನ್ ಅವರ ಹಿರಿಮೆ. ನೊಬೆಲ್ ಸಮಿತಿ ಅದನ್ನು ಗುರುತಿಸಿದ್ದು ನನಗೆ ತುಂಬ ಸರಿ ಎನಿಸುತ್ತದೆ. ಬಾರ್ಬಾಸ್ 2014ರಲ್ಲೇ ತೀರಿಕೊಂಡಿದ್ದರು. ಮರಣಾನಂತರ ನೊಬೆಲ್ ಕೊಡುವ ಪದ್ಧತಿಯಿಲ್ಲ. ಪ್ರೋಲೀನಿನ ಮಾತು ಬಂದಾಗ ಅವರ ಹೆಸರನ್ನೂ ಹೇಳಬೇಕು.

ಸಣ್ಣ ಸಾವಯವ ಅಣುಗಳನ್ನು ಕ್ರಿಯಾವರ್ಧಕವಾಗಿ ಬಳಸುವ ಈ ವಿಧಾನಕ್ಕೆ ಮಿತಿಯೂ ಇದೆ. ಒಳ್ಳೆಯ ಲೋಹದ ಕ್ರಿಯಾವರ್ಧಕ ನೂರು ಅಣುಗಳಿಗೆ ಒಂದಕ್ಕಿಂತ ಕಡಿಮೆ ಸಾಕು. ಲಿಸ್ಟ್ ಅವರ ಮೊದಲ ಪ್ರಯೋಗದಲ್ಲಿ ನೂರಕ್ಕೆ ಮೂವತ್ತು ಪ್ರೋಲೀನ್ ಬೇಕಾಗಿತ್ತು. ಪ್ರಯೋಗಾಲಯದ ಪಾತ್ರೆಯಲ್ಲಿ ಇದು ನಡೆದೀತು, ಟನ್‌ಗಟ್ಟಲೆ ತಯಾರಿಸುವ ಕಾರ್ಖಾನೆಯಲ್ಲಿ ಹೊರೆಯಾಗುತ್ತದೆ. ಮ್ಯೂಲ್‌ಹೈಮ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಲಿಸ್ಟ್ ತಂಡ ಹಿಡಿದ ಕೆಲಸವೇ ಈ ಹೊರೆ ಇಳಿಸುವುದು. ಹೆಚ್ಚು ಪ್ರಬಲವಾದ ಸಾವಯವ ಆಮ್ಲಗಳನ್ನು ವಿನ್ಯಾಸಗೊಳಿಸಿ, 2018ರಲ್ಲಿ ಅವರು ಒಂದು ಕಠಿಣ ಕ್ರಿಯೆಯಲ್ಲಿ ಕ್ರಿಯಾವರ್ಧಕದ ಪ್ರಮಾಣವನ್ನು ಹತ್ತು ಲಕ್ಷಕ್ಕೆ ಕೆಲವೇ ಅಣುಗಳ ಮಟ್ಟಕ್ಕೆ ಇಳಿಸಿದ್ದರು.