ಒಂದು ಹಲ್ಲು ತಪ್ಪಿದರೆ

ಮಕ್ಕಳೇ, ಎಂಜಿನ್ನೂ ನಮ್ಮಂತೆ ಉಸಿರಾಡುತ್ತದೆ. ಅದರ ಉಸಿರಿನ ಬಾಗಿಲುಗಳೇ ವಾಲ್ವ್‌ಗಳು. ಅವನ್ನು ಹೊತ್ತಿಗೆ ಸರಿಯಾಗಿ ಒತ್ತಿ ತೆರೆಯುವುದು ಕ್ಯಾಮ್‌ಶಾಫ್ಟ್. ಕ್ರ್ಯಾಂಕ್‌ಶಾಫ್ಟ್ 2 ಸುತ್ತು ತಿರುಗಿದರೆ ಇದು 1 ಸುತ್ತು.

ಟರ್ಬೊ ಕಾರಿನ ಕ್ಯಾಮ್‌ಶಾಫ್ಟನ್ನು ಮನೆಯಲ್ಲೇ ಬದಲಿಸಹೊರಟವರಿಗೆ ಮೊದಲ ತಲೆನೋವು ಅಡ್ಡ ಬರುವ ಗಾಳಿಯ ಕೊಳವೆಗಳು. ಆಮೇಲೆ ಬೋಲ್ಟುಗಳು. ಒಂದನ್ನೇ ಪೂರ್ತಿ ಬಿಚ್ಚಿದರೆ ಸ್ಪ್ರಿಂಗುಗಳ ಒತ್ತಡಕ್ಕೆ ಶಾಫ್ಟ್ ಮುರಿಯಬಹುದು. ಎಲ್ಲವನ್ನೂ ಸರದಿಯಂತೆ ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ಕೊನೆಗೆ ಹಲ್ಲುಗಳಿರುವ ಟೈಮಿಂಗ್ ಬೆಲ್ಟ್. ಗುರುತಿನಿಂದ ಒಂದು ಹಲ್ಲು ಆಚೀಚೆಯಾದರೂ ಮತ್ತೆ ಬಿಚ್ಚಬೇಕು. ಇನ್ನೂ ತಪ್ಪಿದರೆ ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ ಬಡಿದು ವಾಲ್ವ್ ಬಾಗುತ್ತದೆ.

ಅದಕ್ಕೇ ಬಲ್ಲವರು ಕೀಲಿ ತಿರುಗಿಸುವ ಮುನ್ನ ಕ್ರ್ಯಾಂಕನ್ನು ಸ್ಪ್ಯಾನರ್ ಹಿಡಿದು ಕೈಯಿಂದಲೇ 2 ಸುತ್ತು ತಿರುಗಿಸುತ್ತಾರೆ. ಎಲ್ಲಾದರೂ ತಡೆದರೆ ಬಲ ಹಾಕದೆ ಗುರುತು ನೋಡುತ್ತಾರೆ. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಅಜ್ಜಿಯ ಗಾದೆ ಗ್ಯಾರೇಜಿಗೂ ಸಲ್ಲುತ್ತದೆ!