ಚಳಿಗೆ ಕೈಕೊಟ್ಟ ಗನ್

ಬಿ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಮಡಿಕೇರಿ ಬಳಿಯ ಪೇಂಟ್‌ಬಾಲ್ ಮೈದಾನವೊಂದಕ್ಕೆ ವಾರಾಂತ್ಯದ ಕೆಲಸಕ್ಕೆ ಹೋಗುತ್ತಿದ್ದೆ. ಡಿಸೆಂಬರ್‌ನ ಒಂದು ಬೆಳಿಗ್ಗೆ ಕಾಲೇಜು ಹುಡುಗರ ತಂಡ ಮಾಸ್ಕ್ ತೊಟ್ಟು ಆಟಕ್ಕಿಳಿದಿತ್ತು. ನಾಲ್ಕು ಸಲ ಹೊಡೆಯುವಷ್ಟರಲ್ಲಿ ಗನ್‌ಗಳು ‘ಟುಸ್’ ಎಂದವು. ಗುಂಡುಗಳು ಅರ್ಧದಾರಿಗೇ ಬಿದ್ದವು. ‘ದುಡ್ಡು ವಾಪಸ್ ಕೊಡಬೇಕಾದ್ರೆ ನಿನ್ನ ಸಂಬಳದಲ್ಲೇ ಕಟ್’ ಎಂದರು ಮಾಲೀಕರು.

‘ಸಿಲಿಂಡರ್ ಬೆಂಕಿ ಹತ್ರ ಇಡೋಣ ಮಾರಾಯ’ ಎಂದ ಜೊತೆಗಾರ. ಸಿಡಿದರೆ? ಬೇಡವೆಂದೆ. ಒಳಗಿದ್ದದ್ದು ದ್ರವರೂಪದ ಇಂಗಾಲದ ಡೈಆಕ್ಸೈಡ್. 20 ಡಿಗ್ರಿಯಲ್ಲಿ ಸುಮಾರು 57 ಬಾರ್ ಇರುವ ಒತ್ತಡ 10 ಡಿಗ್ರಿಗೆ 45ಕ್ಕೆ ಇಳಿಯುತ್ತದೆ. ಬಿಡದೆ ಹೊಡೆದರೆ, ದ್ರವ ಅನಿಲವಾಗುತ್ತಾ ಸಿಲಿಂಡರ್ ಇನ್ನೂ ತಣ್ಣಗಾಗುತ್ತದೆ. ಪರೀಕ್ಷೆಯಲ್ಲಿ ಬರೆದು ಮರೆತದ್ದೇ!

ರಾತ್ರಿಯಿಡೀ ಶೆಡ್ಡಿನಲ್ಲಿದ್ದ ಸಿಲಿಂಡರ್‌ಗಳನ್ನೂ, ಚಳಿಗೆ ಪೆಡಸಾಗಿ ನಳಿಕೆಯಲ್ಲೇ ಒಡೆಯುತ್ತಿದ್ದ ಗುಂಡುಗಳನ್ನೂ ಬೆಚ್ಚಗಿನ ಆಫೀಸ್ ಕೋಣೆಗೆ ಸಾಗಿಸಿದೆ. ಹುಡುಗರಿಗೆ ಕಾಫಿ ಕೊಟ್ಟು ಒಂದು ಗಂಟೆ ತಳ್ಳಿದೆ. ‘ಗನ್ ನೆಟ್ಟಗೆ ಹಿಡಿದು, ನಿಧಾನಕ್ಕೆ ಹೊಡೀರಿ’ ಎಂದೆ. ಆಟ ನಡೆಯಿತು. ಸಂಜೆ ಸಂಬಳ ಪೂರ್ತಿ ಕೈಸೇರಿತು. ಕಾಫಿಯ ದುಡ್ಡು ಮಾತ್ರ ಕಟ್.