ಫಡೆಪ್ಪ ದರೆಪ್ಪ ಚೌಗುಲೆ: ಒಲಿಂಪಿಕ್ಸ್‌ಗೆ ಓಡಿದ ಬೆಳಗಾವಿಯ ಓಟಗಾರ

ಒಲಿಂಪಿಕ್ಸ್ ಮ್ಯಾರಥಾನ್ ಓಡಿ ಮುಗಿಸಿದ ಮೊದಲ ಭಾರತೀಯ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಬೆಲ್ಜಿಯಮ್ಮಿನ ಆಂಟ್ವರ್ಪ್ ನಗರದಲ್ಲಿ 1920ರಲ್ಲಿ ನಡೆದ ಕ್ರೀಡಾಕೂಟದಲ್ಲಿ ಅವರು 19ನೆಯವರಾಗಿ ಗುರಿ ಮುಟ್ಟಿದರು.

ಆಗಿನ ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತಕ್ಕೆ ಸೇರಿತ್ತು. ಹೀಗಾಗಿ ಈ ಸೀಮೆಯ ಓಟಗಾರರಿಗೆ ದೊಡ್ಡ ಪಂದ್ಯದ ಊರೆಂದರೆ ಪುಣೆ. ಅಲ್ಲಿನ ಡೆಕ್ಕನ್ ಜಿಮ್ಖಾನಾ 1919ರಲ್ಲಿ ನಡೆಸಿದ ಕೂಟಕ್ಕೆ ದೊರಾಬ್ಜಿ ಟಾಟಾ ಅಧ್ಯಕ್ಷರಾಗಿದ್ದರು. ಓಡಿದವರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿಯುವ ರೈತರು. ಕಾಲಲ್ಲಿ ಬೂಟಿಲ್ಲ, ಹೇಳಿಕೊಡುವ ಗುರುವಿಲ್ಲ. ಆದರೂ ದೂರದ ಓಟದಲ್ಲಿ ಅವರು ತೆಗೆದುಕೊಂಡ ಸಮಯ ಯುರೋಪಿನವರಿಗೆ ಸರಿಸಾಟಿಯಾಗಿ ಕಂಡಿತು. ಇಂಥವರನ್ನು ಒಲಿಂಪಿಕ್ಸ್‌ಗೆ ಕಳಿಸಬೇಕೆಂದು ದೊರಾಬ್ಜಿ ಪಟ್ಟು ಹಿಡಿದರು. ಮುಂಬೈ ಗವರ್ನರ್ ಜಾರ್ಜ್ ಲಾಯ್ಡ್ ಅವರ ಬೆಂಬಲ ಪಡೆದರು, ತಮ್ಮ ಕೈಯಿಂದಲೂ ಹಣ ಕೊಟ್ಟರು.

1900ರ ಪ್ಯಾರಿಸ್ ಕೂಟದಲ್ಲಿ ನಾರ್ಮನ್ ಪ್ರಿಚರ್ಡ್ ಒಬ್ಬರೇ ಭಾರತದ ಹೆಸರಿನಲ್ಲಿ ಓಡಿದ್ದರು. ತಂಡವೆಂದು ಹೋದದ್ದು 1920ರಲ್ಲೇ ಮೊದಲು. ಅದರಲ್ಲಿದ್ದವರು ಆರೇ ಜನ: ಓಟಕ್ಕೆ ಚೌಗುಲೆ, ಸದಾಶಿವ ದಾತಾರ್, ಕೈಕಾಡಿ ಮತ್ತು ಪೂರ್ಮಾ ಬ್ಯಾನರ್ಜಿ, ಕುಸ್ತಿಗೆ ಶಿಂಧೆ ಮತ್ತು ನವಲೆ. ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗಿ, ಅಲ್ಲಿ ಕೆಲವು ವಾರ ತರಬೇತಿ ಪಡೆದು ಅವರು ಆಂಟ್ವರ್ಪ್ ತಲುಪಿದರು.

ಮ್ಯಾರಥಾನ್ ನಡೆದದ್ದು ಆಗಸ್ಟ್ 22ರಂದು. ಈಗಿನ 42.195 ಕಿ.ಮೀ. ಅಳತೆ ಆಗಿನ್ನೂ ಕಡ್ಡಾಯವಾಗಿರಲಿಲ್ಲ. ಆಂಟ್ವರ್ಪಿನ ದಾರಿ 42.75 ಕಿ.ಮೀ. ಇತ್ತು, ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ಉದ್ದದ ಮ್ಯಾರಥಾನ್ ಅದು. ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ 2 ಗಂಟೆ 32 ನಿಮಿಷಗಳಲ್ಲಿ ಮೊದಲಿಗರಾದರು. ಚೌಗುಲೆ ಓಟ ಮುಗಿಸಿದ್ದು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ. ಅಂದರೆ ಕಿಲೋಮೀಟರಿಗೆ ಸರಿಸುಮಾರು ನಾಲ್ಕು ನಿಮಿಷದಂತೆ, ಅಷ್ಟೂ ದೂರ. ಇದೇ ವೇಗವನ್ನು ಇಂದಿನ ಅಳತೆಗೆ ಇಳಿಸಿದರೆ 2 ಗಂಟೆ 48 ನಿಮಿಷದ ಆಸುಪಾಸಿಗೆ ಬರುತ್ತದೆ. ವರ್ಷಗಟ್ಟಲೆ ಅಭ್ಯಾಸ ಮಾಡಿದ ಹವ್ಯಾಸಿ ಓಟಗಾರರೂ ಇಂದು ಮೂರು ಗಂಟೆಯೊಳಗೆ ಮುಗಿಸಿದರೆ ಹೆಮ್ಮೆಪಡುತ್ತಾರೆ. ಜೊತೆಗೆ ಓಡಿದ ದಾತಾರ್ ಅವರಿಗೆ ಓಟ ಪೂರೈಸಲಾಗಲಿಲ್ಲ. ಪದಕಗಳ ಪಟ್ಟಿಯನ್ನಷ್ಟೇ ನೋಡುವವರ ಕಣ್ಣಿಗೆ 19ನೆಯ ಸ್ಥಾನ ಬೀಳದು. ಆ ಕಾಲದ ಸೌಕರ್ಯಗಳನ್ನು ನೆನೆದರೆ ಅದು ನಿಜಕ್ಕೂ ದೊಡ್ಡ ಸಾಧನೆ.

ತಂಡಕ್ಕೆ ಪದಕ ದಕ್ಕಲಿಲ್ಲ. ಕುಸ್ತಿಯಲ್ಲಿ ಶಿಂಧೆ ನಾಲ್ಕನೆಯವರಾದದ್ದೇ ಅತ್ಯುತ್ತಮ ಫಲಿತಾಂಶ. ಆದರೆ ಆ ಪಯಣದಿಂದ ಹಾದಿ ತೆರೆಯಿತು. ಭಾರತ 1924ರ ಪ್ಯಾರಿಸ್ ಕೂಟಕ್ಕೆ ಮತ್ತೆ ತಂಡ ಕಳಿಸಿತು, 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು, ದೊರಾಬ್ಜಿ ಅದರ ಮೊದಲ ಅಧ್ಯಕ್ಷರಾದರು. ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಚೌಗುಲೆಯವರ ಸ್ಥಾನವನ್ನು ಮೀರಲು ಮಾತ್ರ ಭಾರತೀಯರಿಗೆ 56 ವರ್ಷ ಬೇಕಾಯಿತು: 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಶಿವನಾಥ್ ಸಿಂಗ್ 11ನೆಯವರಾದರು.